ವಿರಳಭಸ್ಮಗಳೂ ನದೀಜಲವೂ

ಸ್ಕ್ಯಾಂಡಿಯಂ, ಇಟ್ರಿಯಂ ಎಂಬ ಎರಡು ಧಾತುಗಳನ್ನೂ, ಲ್ಯಾಂಥನಂ ಮೊದಲ್ಗೊಂಡು ಲುಟೀಷಿಯಂ ಪರ್ಯಂತವಾದ ಹದಿನೈದು ಧಾತುಗಳನ್ನೂ ಒಂದೇ ಕುಲಕ್ಕೆ ಸೇರಿಸಿ, ಆ 17ಕ್ಕೂ ಪಾಶ್ಚಾತ್ಯ ರಸಾಯನಶಾಸ್ತ್ರಜ್ಞರು ಒಂದು ಸಾಮಾನ್ಯನಾಮವನ್ನಿಟ್ಟಿರುವರು. (ಇಲ್ಲಿ ಧಾತುವೆಂದರೆ ಮೂಲದ್ರವ್ಯವೇ ಹೊರತು ವೈಯಾಕರಣರ ಧಾತುವಲ್ಲ.) ಆ ನಾಮವನ್ನು ಈಚಿನ ವೃತ್ತಪತ್ರಿಕೆಗಳು ‘ಅಪರೂಪದ ಭೂಲೋಹ’ವೆಂದು ಭಾಷಾಂತರಿಸುತ್ತಿವೆ. ಇದರಲ್ಲಿ ಪೂರ್ವಪದವೂ ಸರಿಯಲ್ಲ, ಉತ್ತರಪದವೂ ಸರಿಯಲ್ಲ. ಭೂಮಿಯ ಮೇಲ್ಪದರದಲ್ಲಿ ಸೀರಿಯಂ ಇರುವ ಪ್ರಮಾಣ ಹೆಚ್ಚುಕಡಮೆ ತಾಮ್ರದಷ್ಟೇ. ಈ ಕುಲದಲ್ಲಿ ಅತ್ಯಲ್ಪವಾಗಿ ದೊರೆಯುವುವುಗಳಲ್ಲಿ ಒಂದಾದ ತೂಲಿಯಂ ಕೂಡ ಬೆಳ್ಳಿಗಿಂತ ಹೆಚ್ಚಾಗಿದೆ. ವಿರಳವಾದುದು ಧಾತುವಲ್ಲ, ಅಗೆದು ತೆಗೆಯುವುದಕ್ಕೆ ತಕ್ಕಷ್ಟು ಒಂದೆಡೆಯಲ್ಲಿ ರಾಶಿಗೂಡಿರುವ ಅದಿರು ಮಾತ್ರ ವಿರಳ. ಇನ್ನು ‘ಭೂ’ ಎಂಬ ಪದ. ಹದಿನೆಂಟನೆಯ ಶತಮಾನದ ರಸಾಯನಜ್ಞರು ಬೆಂಕಿಗೆ ಕರಗದೆ, ನೀರಿನಲ್ಲಿ ಕದಡಿದರೂ ಲೀನವಾಗದೆ ಉಳಿಯುವ ಪುಡಿಯನ್ನು ತಮ್ಮ ಭಾಷೆಯಲ್ಲಿ ಮಣ್ಣೆಂಬ ಅರ್ಥದ ಶಬ್ದದಿಂದ ವ್ಯವಹರಿಸುತ್ತಿದ್ದರು. ಅದು ನೆಲವೂ ಅಲ್ಲ, ಹೊಲದ ಮಣ್ಣೂ ಅಲ್ಲ. ನಮ್ಮ ರಸವೈದ್ಯರು ಭಸ್ಮವೆಂದು ಕರೆಯುವ ಪದಾರ್ಥಕ್ಕೆ ಬಹಳ ಹತ್ತಿರವಾದುದು. ಆದಕಾರಣ ಇಲ್ಲಿ ‘ವಿರಳಭಸ್ಮ’ವೆಂಬ ಪದವನ್ನೇ ಬಳಸಲಾಗಿದೆ. ‘ವಿರಳ’ವೆಂಬ ತಪ್ಪು ಮೂಲದಲ್ಲಿಯೇ ಇರುವುದರಿಂದ ಅದನ್ನು ತಿದ್ದುವ ಅಧಿಕಾರ ಭಾಷಾಂತರಕಾರನಿಗೆ ಇಲ್ಲ.

ಇದು ಬರಿಯ ಪದವಿಚಾರವಾಗಿ ನಿಲ್ಲುವುದಿಲ್ಲ. ವಿರಳವಾದುದು ಹೊಳೆಹಳ್ಳಗಳನ್ನು ಕೆಡಿಸುವಷ್ಟು ಎಲ್ಲಿಂದ ಬರಬೇಕು? ಭಸ್ಮವಾದುದು ನೀರಿನಲ್ಲಿ ಕರಗುವುದೆಂತು, ಕರಗದೆ ಇದ್ದುದು ಜಲಚರಗಳ ದೇಹವನ್ನು ಹೊಗುವುದೆಂತು? ಹೆಸರಿನ ಎರಡು ಭಾಗಗಳೂ ಈ ಎರಡು ಸಮಾಧಾನಗಳನ್ನು ಒಳಗೊಂಡಿದ್ದುವು. ಸೀಸ, ಪಾದರಸ, ತಾಮ್ರ ಮೊದಲಾದುವು ಮತ್ಸ್ಯಾದಿಗಳಿಗೆ ವಿಷವೆಂಬ ವಿಚಾರ ವಿಸ್ತಾರವಾಗಿ ನಡೆದ ಬಹುಕಾಲದ ಮೇಲೆ ಈ 17 ಧಾತುಗಳ ಸರದಿ ಬಂದಿತು. ಆ ವಿಳಂಬದ ಕಥೆಯೂ, ವಿಚಾರವು ಕಡೆಗೆ ಬಂದ ದಾರಿಯೂ ಇತಿಹಾಸದೃಷ್ಟಿಯಿಂದ ಗಮನಾರ್ಹವಾಗಿವೆ.

1787ರಲ್ಲಿ ಸ್ವೀಡನ್ ದೇಶದ ಸೈನ್ಯಾಧಿಕಾರಿ ಕಾರ್ಲ್ ಆಕ್ಸೆಲ್ ಅರ್ರೇನಿಯಸ್ ಎಂಬಾತನಿಗೆ ಸ್ಟಾಕ್‌ಹೋಮ್ ನಗರದ ಸಮೀಪದ ದ್ವೀಪವೊಂದರಲ್ಲಿ, ಇಟ್ಟರ್ಬಿ ಎಂಬ ಊರಿನ ಕಲ್ಲುಗಣಿಯಲ್ಲಿ, ತೂಕವಾದ ಒಂದು ಕರಿಯ ಕಲ್ಲು ದೊರೆಯಿತು. 1794ರಲ್ಲಿ ಫಿನ್‌ಲೆಂಡಿನ ಯೋಹಾನ್ ಗ್ಯಾಡೊಲಿನ್ ಪಂಡಿತನು ಅದನ್ನು ಪರೀಕ್ಷಿಸಿ, ಅದರಲ್ಲಿ ಅದುವರೆಗೆ ಯಾರೂ ಕಾಣದ ಒಂದು ಭಸ್ಮವಿದೆಯೆಂದು ತೋರಿಸಿದನು. ಆ ಒಂದು ಕುಗ್ರಾಮದ ಹೆಸರನ್ನೇ ಕತ್ತರಿಸಿ ಇಟ್ರಿಯಂ, ಟೆರ್ಬಿಯಂ, ಎರ್ಬಿಯಂ, ಇಟ್ಟರ್ಬಿಯಂ ಎಂದು ನಾಲ್ಕು ಧಾತುಗಳಿಗೆ ಹಂಚಿದರು. ಜಗತ್ತಿನಲ್ಲಿ ಬೇರೆ ಯಾವ ಊರಿಗೂ ಈ ಭಾಗ್ಯ ಬಂದಿಲ್ಲ. 1803ರಲ್ಲಿ ಸೀರಿಯಂ ಭಸ್ಮವು ಕಂಡುಬಂದಿತು. ಅದು ಒಂದೇ ದ್ರವ್ಯವೆಂದು ಎಲ್ಲರೂ ನಂಬಿದ್ದಾಗ, 1839ರಲ್ಲಿ ಮೊಸಾಂಡರ್ ಎಂಬಾತನು ಅದರೊಳಗಿಂದ ಮತ್ತೊಂದನ್ನು ಬೇರ್ಪಡಿಸಿದನು. ಮೂವತ್ತಾರು ವರ್ಷ ಸೀರಿಯಂನ ಮರೆಯಲ್ಲಿ ಅಡಗಿದ್ದುದರಿಂದ, ಗ್ರೀಕ್ ಭಾಷೆಯಲ್ಲಿ ‘ಅಡಗಿರು’ ಎಂಬರ್ಥದ ಕ್ರಿಯಾಪದದಿಂದ ಅದಕ್ಕೆ ಲ್ಯಾಂಥನಂ ಎಂದು ಹೆಸರಾಯಿತು. ಇದು ನಿಜವಾಗಿ ಅನ್ವರ್ಥನಾಮ. ಅದರ ಒಡಹುಟ್ಟಿದುದಕ್ಕೆ 1841ರಲ್ಲಿ ‘ಯಮಳ’ವೆಂಬ ಅರ್ಥದ ಡಿಡಿಮಿಯಂ ಎಂಬ ಹೆಸರನ್ನಿಟ್ಟರು, 1885ರಲ್ಲಿ ಆಸ್ಟ್ರಿಯದ ಆವರ್ ಫಾನ್ ವೆಲ್ಸ್‌ಬಾಕ್ ಅದನ್ನೂ ಸೀಳಿದಾಗ ಆ ಯಮಳವೇ ಯಮಳವಾಗಿ ಹೊರಬಿದ್ದಿತು. ಒಂದರೊಳಗೊಂದು ಅಡಗುವುದು ಈ ಕುಲದ ಸ್ವಭಾವ. ಇವುಗಳ ರಾಸಾಯನಿಕ ಗುಣಗಳು ಪರಸ್ಪರ ಅಷ್ಟು ಸದೃಶವಾದುವು.

ಆವರ್ ಪಂಡಿತನ ಕಾಲದಲ್ಲಿಯೇ ಇವು ಪ್ರಯೋಗಶಾಲೆಯಿಂದ ಬೀದಿಗೆ ಬಂದುವು. ಆತನು ನಿರ್ಮಿಸಿದ ದೀಪದ ಮ್ಯಾಂಟಲು ಬಹುಭಾಗ ತೋರಿಯಂ ಭಸ್ಮ, ನೂರರಲ್ಲಿ ಒಂದು ಪಾಲು ಸೀರಿಯಂ ಭಸ್ಮ. ವಿದ್ಯುದ್ದೀಪ ಬರುವುದಕ್ಕೆ ಮುನ್ನ ನಮ್ಮ ನಾಡಿನಲ್ಲಿ ಮದುವೆಯ ಮೆರವಣಿಗೆಗಳಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಉರಿದ ಗ್ಯಾಸ್ ಲೈಟುಗಳ ಬೆಳ್ಳನೆಯ ಬೆಳಕು ಈ ಬಗೆಯ ಮ್ಯಾಂಟಲಿನದು. ತೋರಿಯಂಗಾಗಿ ಮೊನಜೈಟ್ ಎಂಬ ಮರಳು ಬೇಕಾಯಿತು. ತಿರುವಾಂಕೂರಿನಿಂದ ಜರ್ಮನಿಗೆ ಹೋದ ತೆಂಗಿನನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಷೋಂಬರ್ಗ್ ಎಂಬಾತನು ಅದನ್ನು 1909ರಲ್ಲಿ ಗುರುತಿಸಿದನೆಂದು ಹೇಳುವರು. ಬಳಿಕ ಆ ಕಡಲತೀರದ ಮರಳೇ ಹಡಗು ಹಡಗಾಗಿ ಐರೋಪ್ಯ ಕಾರ್ಖಾನೆಗಳಿಗೆ ಹೋಯಿತು. ಮರಳಿನಿಂದ ತೋರಿಯಂ ತೆಗೆದ ಮೇಲೆ ರಾಶಿರಾಶಿಯಾಗಿ ಉಳಿಯುತ್ತಿದ್ದುದು ಈ ವಿರಳಭಸ್ಮಗಳೇ. ಆ ಉಳಿಕೆಗೆ ಬೇರೊಂದು ಉಪಯೋಗವಿರಲೆಂದು ಆವರ್ ಅದನ್ನು ಕಬ್ಬಿಣದೊಡನೆ ಬೆರಸಿ ಕಿಡಿಗಲ್ಲನ್ನು ಮಾಡಿದನು. ವಿರಳವೆಂಬ ಹೆಸರಿನ ಪದಾರ್ಥವನ್ನು ಏನು ಮಾಡುವುದೆಂದು ತೋಚದೆ ಇದ್ದುದು ವಿನೋದವಾದ ಸಂಗತಿ. ಭಾರತವು ಸ್ವತಂತ್ರವಾದ ಮೇಲೆ ಈ ಮರಳನ್ನು ಇಲ್ಲಿಯೇ ಸಂಸ್ಕರಿಸಲು 1950ರಲ್ಲಿ ಸಂಸ್ಥೆಯೊಂದು ಏರ್ಪಟ್ಟು, 1952ರಲ್ಲಿ ಪೆರಿಯಾರ್ ನದಿಯ ದಡದ ಆಲುವೆಯಲ್ಲಿ ಅದರ ಕಾರ್ಖಾನೆ ಆರಂಭವಾಯಿತು.

ಇಷ್ಟಾದರೂ ನದಿಯಲ್ಲಿ ಇವು ಎಷ್ಟಿವೆಯೆಂದು ಅಳೆಯುವ ಸಾಧನವೇ ಬಹುಕಾಲ ಇರಲಿಲ್ಲ. ಶುದ್ಧವಾದ ಹೊಳೆಯ ನೀರಿನಲ್ಲಿ ಲೀನವಾಗಿರುವ ಇವುಗಳ ಪ್ರಮಾಣ ಲೀಟರಿಗೆ ನ್ಯಾನೋಗ್ರಾಂಗಳಲ್ಲಿ, ಎಂದರೆ ಗ್ರಾಮಿನ ನೂರುಕೋಟಿಯ ಅಂಶಗಳಲ್ಲಿ, ಎಣಿಸತಕ್ಕದ್ದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೂಕ್ಷ್ಮಯಂತ್ರಗಳು ಬಂದ ಮೇಲೆ ಈ ಎಣಿಕೆ ಸುಲಭವಾಯಿತು. ಆಗ ಕಂಡುಬಂದ ದೋಷವು ಸತ್ತ ಮೀನಿನಿಂದ ಕಂಡುದಲ್ಲ. ಒಂದು ರೇಖೆಯ ಡೊಂಕಿನಿಂದ ಕಂಡುದು. ಈ ಅಂಶ ಸಾಹಿತ್ಯವ್ಯವಸಾಯಿಗಳಿಗೆ ವಿಶೇಷವಾಗಿ ರುಚಿಸಬಹುದು.

ಪ್ರಕೃತಿಯಲ್ಲಿ ಈ ಧಾತುಗಳು ಮನಬಂದಂತೆ ಹರಡಿಲ್ಲ. ಪರಮಾಣುಸಂಖ್ಯೆ ಸಮವಾಗಿರುವ ಧಾತುವು ತನ್ನ ಇಕ್ಕೆಲದ ವಿಷಮಸಂಖ್ಯೆಯ ಧಾತುಗಳಿಗಿಂತ ಹೆಚ್ಚಾಗಿರುವುದು ನಿಯಮ. ಗುರುಲಘುಗಳಂತೆ ಒಂದು ಹೆಚ್ಚು, ಒಂದು ಕಡಮೆ. ನದಿಯ ನೀರಿನ ಸಂಖ್ಯೆಗಳನ್ನು ಜೇಡಿಶಿಲೆಯಲ್ಲಿರುವ ಸಂಖ್ಯೆಗಳಿಂದ ಭಾಗಿಸಿದರೆ ಈ ಏರಿಳಿತ ಅಳಿದು, ಲ್ಯಾಂಥನಂನಿಂದ ಲುಟೀಷಿಯಂವರೆಗೆ ನುಣುಪಾದ ಒಂದು ರೇಖೆ ದೊರೆಯುತ್ತದೆ. ಸೀರಿಯಂ, ಯೂರೋಪಿಯಂ ಎಂಬ ಎರಡು ಮಾತ್ರ ತಮ್ಮ ಸಂಯೋಗಶಕ್ತಿಯನ್ನು ಬದಲಾಯಿಸಿಕೊಳ್ಳಬಲ್ಲವಾದ್ದರಿಂದ ರೇಖೆಯನ್ನು ಬಿಟ್ಟು ಹಾರುವುದುಂಟು. ಅವನ್ನು ಆರ್ಷಪ್ರಯೋಗಗಳಂತೆ ಸಾಧುವೆಂದೇ ಒಪ್ಪಬೇಕು. ಉಳಿದುವು ಹಾರಿದರೆ ಮನುಷ್ಯನ ಕೈ ಸೋಂಕಿದೆಯೆಂದು ತಿಳಿಯತಕ್ಕದ್ದು. ಓಲೆಯಪ್ರತಿಯಲ್ಲಿ ಛಂದಸ್ಸು ಕೆಟ್ಟ ಎಡೆಯನ್ನು ಹಿಡಿದು ಪ್ರಕ್ಷೇಪವನ್ನು ಗುರುತಿಸುವ ಗ್ರಂಥಸಂಪಾದಕನ ನ್ಯಾಯವೇ ಇದು.

ಜರ್ಮನಿಯ ಬೌ, ಡುಲ್ಸ್ಕಿ ಎಂಬ ಇಬ್ಬರು ವಿದ್ವಾಂಸರು 1996ರಲ್ಲಿ ಈ ನ್ಯಾಯದಿಂದಲೇ ತಮ್ಮ ದೇಶದ ನದಿಗಳಲ್ಲಿ ಗ್ಯಾಡೊಲಿನಿಯಂ ಧಾತುವಿನ ಪ್ರಕ್ಷೇಪವನ್ನು ಕಂಡುಹಿಡಿದರು. ಜನಸಾಂದ್ರವಾದ ಪ್ರದೇಶಗಳ ನದಿಗಳಲ್ಲಿ ರೇಖೆಯು ಗ್ಯಾಡೊಲಿನಿಯಂ ಇರುವೆಡೆಯಲ್ಲಿ ಮುಳ್ಳಿನಂತೆ ಮೇಲೆದ್ದಿತ್ತು; ಸ್ವೀಡನ್ನಿನ ಜನವಿರಳವಾದ ಸೀಮೆಯ ನದಿಗಳಲ್ಲಿ ಹಾಗಿರಲಿಲ್ಲ. ಮೂಲವನ್ನರಸಿದಾಗ ಅದು ಆಸ್ಪತ್ರೆಗಳಲ್ಲಿ ಸಿಕ್ಕಿತು. ಕಾಂತಶಕ್ತಿಯಿಂದ ದೇಹದೊಳಗಣ ಚಿತ್ರವನ್ನು ತೆಗೆಯುವಾಗ, ಚಿತ್ರವು ಸ್ಫುಟವಾಗಲೆಂದು ಗ್ಯಾಡೊಲಿನಿಯಂ ಸಂಯುಕ್ತವನ್ನು ರೋಗಿಯ ರಕ್ತನಾಳಕ್ಕೆ ಕೊಡುವ ಪದ್ಧತಿ 1988ರಿಂದ ಬಳಕೆಗೆ ಬಂದಿತ್ತು. ಬಿಡಿಯಾದ ಗ್ಯಾಡೊಲಿನಿಯಂ ವಿಷವಾದುದರಿಂದ ಅದನ್ನು ಇಂಗಾಲದ ಸಂಯುಕ್ತವೊಂದರ ಪಂಜರದಲ್ಲಿ ಸೇರಿಸಿ ಕೊಡುವರು. ಅದು ಮೂತ್ರಮಾರ್ಗವಾಗಿ ಹೊರಬಿದ್ದು, ಚರಂಡಿಯ ನೀರನ್ನು ಶುದ್ಧಿಮಾಡುವ ಸ್ಥಾನಗಳಲ್ಲಿಯೂ ಸಿಕ್ಕದೆ, ಪಂಜರಸಹಿತವಾಗಿಯೇ ನದಿಗೆ ಸೇರುತ್ತಿತ್ತು. ಬರ್ಲಿನ್ ನಗರದ ಕುಡಿಯುವ ನೀರಿನಲ್ಲಿಯೂ ಅದನ್ನು ಅನಂತರ ಕಂಡರು. ಪಂಜರದಲ್ಲಿರುವವರೆಗೆ ಜಲಚರಗಳಿಗೆ ಅದರಿಂದ ಒಡನೆ ಹಾನಿಯಿಲ್ಲ. ಆದರೆ ಪಂಜರ ಶಾಶ್ವತವಲ್ಲ: ಮೂತ್ರಪಿಂಡ ಕೆಟ್ಟ ರೋಗಿಗಳ ದೇಹದಲ್ಲಿ ಅದು ಸಡಿಲಿ ಚರ್ಮವನ್ನು ಗಟ್ಟಿಯಾಗಿಸುವ ಒಂದು ವ್ಯಾಧಿಗೆ ಕಾರಣವಾಗುವುದೆಂಬ ಶಂಕೆ 2006ರಲ್ಲಿ ಹುಟ್ಟಿ ಬಳಿಕ ದೃಢಪಟ್ಟಿತು, ಸಡಿಲವಾದ ಪಂಜರದ ಕೆಲವು ಔಷಧಗಳನ್ನು ಯೂರೋಪಿನಲ್ಲಿ 2017ರಲ್ಲಿ ತಡೆದರು.

ಎರಡನೆಯ ಪ್ರಕ್ಷೇಪ ಇದಕ್ಕಿಂತ ಗಂಭೀರವಾದುದು. ಕುಲಕ್ಸಿಜ್, ಬೌ ಎಂಬವರು 2011ರಲ್ಲಿ ರೈನ್ ನದಿಯ ಲ್ಯಾಂಥನಂ ವಿಚಾರವನ್ನು ಪ್ರಕಟಿಸಿದರು. ವರ್ಮ್ಸ್ ನಗರಕ್ಕಿಂತ ಮೇಲೆ ನದಿಯ ನೀರಿನಲ್ಲಿ ಲ್ಯಾಂಥನಂ ತನ್ನ ಮಿತಿಯಲ್ಲಿತ್ತು. ಆ ಊರನ್ನು ದಾಟಿ ಉತ್ತರಕ್ಕೆ ಹೋದೊಡನೆ ರೇಖೆಯ ತುದಿ ಮೇಲಕ್ಕೆ ನೆಗೆದಿತ್ತು. ದಡದುದ್ದಕ್ಕೂ ನೀರನ್ನು ಪರೀಕ್ಷಿಸುತ್ತ ಹೋದಾಗ, ಕಲ್ಲೆಣ್ಣೆಯನ್ನು ಒಡೆದು ಪೆಟ್ರೋಲು ಮಾಡುವುದಕ್ಕೆ ಬೇಕಾದ ವೇಗವರ್ಧಕಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಕಾಲುವೆ ಸಿಕ್ಕಿತು. ಆ ಕಾಲುವೆಯ ನೀರಿನಲ್ಲಿ ಲ್ಯಾಂಥನಂ ಲೀಟರಿಗೆ 49 ಮಿಲಿಗ್ರಾಂವರೆಗೆ ಇದ್ದಿತು. ಅಲ್ಲಿಂದ ನದಿಯೊಡನೆ ಹರಿದ ಲ್ಯಾಂಥನಂ ನೆದರ್ಲೆಂಡ್ಸ್ ಪರ್ಯಂತ ಗುರುತಿಸಲು ಸಿಕ್ಕಿತು. 2013ರಲ್ಲಿ ಅದೇ ಮೂಲದಿಂದ ಸಮೇರಿಯಂ ಧಾತುವೂ ಬರುತ್ತಿರುವುದು ಪ್ರಕಟವಾಯಿತು.

ಇಲ್ಲಿ ರೈನ್ ನದಿಯನ್ನೇ ಮುಖ್ಯವಾಗಿ ತೆಗೆದುಕೊಳ್ಳುವುದಕ್ಕೆ ಕಾರಣವಿದೆ. ಚೀನಾದೇಶದ ಜಿಯಾಂಗ್ಶಿ ಪ್ರಾಂತದಲ್ಲಿ ವಿರಳಭಸ್ಮಗಳಿಂದ ಕೂಡಿದ ಜೇಡಿಮಣ್ಣು 1969ರಲ್ಲಿ ಕಂಡುಬಂದ ಮೇಲೆ ಅಲ್ಲಿನ ಗುಡ್ಡಗಳು ಹೆಚ್ಚಿನ ಹಿಂಸೆಯನ್ನು ಅನುಭವಿಸಿವೆ. ಆದರೆ ಆ ಮಣ್ಣಿಗೆ ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಹೊಯ್ದು ಧಾತುಗಳನ್ನು ತೊಳೆದು ತೆಗೆಯುವುದರಿಂದ ಹೊಳೆಗಳಿಗೆ ಅಮೋನಿಯವೂ ಸೇರುತ್ತದೆ. ಅಲ್ಲಿ ಜಲಚರಗಳಿಗಾದ ಹಾನಿಯಲ್ಲಿ ಯಾವುದರ ಪಾಲೆಷ್ಟೆಂದು ಬಿಡಿಸುವುದು ಕಷ್ಟ. ರೈನ್ ನದಿಯ ಉದಾಹರಣೆಯಲ್ಲಿ ಮೂಲವೊಂದು, ದ್ರವ್ಯವೊಂದು, ಪ್ರವಾಹವೊಂದು.

ಇನ್ನು ಲ್ಯಾಂಥನಂ ವಿಷವೆ, ಅಲ್ಲವೆ? ಈ ಪ್ರಶ್ನೆಗೆ ಉತ್ತರ ಹೇಳಿದವುಗಳಲ್ಲಿ ಆಸ್ಟ್ರೇಲಿಯದ ಬ್ಯಾರಿ, ಮೀಹನ್ ಎಂಬವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆ ಮುಖ್ಯವಾದುದು. ಪರೀಕ್ಷೆಗೆ ಆರಿಸಿದ ಪ್ರಾಣಿ ಡ್ಯಾಫ್ನಿಯ. ಅದನ್ನು ನೀರಿನ ಚಿಗಟವೆಂದು ಕರೆಯುವರಾದರೂ ಅದು ಚಿಗಟವಲ್ಲ, ಸೀಗಡಿಯ ಬಂಧು. ಕೆರೆಕೊಳಗಳ ಪಾಚಿಯನ್ನು ತಿಂದು, ತಾನು ಮರಿಮೀನುಗಳಿಗೆ ಆಹಾರವಾಗುವ, ಎಳ್ಳಿನಷ್ಟು ಗಾತ್ರದ ಪ್ರಾಣಿ. ನಲವತ್ತೆಂಟು ಗಂಟೆಗಳಲ್ಲಿ ಅರ್ಧದಷ್ಟು ಡ್ಯಾಫ್ನಿಯಗಳು ಚಲನೆಗೆಡುವುದಕ್ಕೆ ಎಷ್ಟು ಲ್ಯಾಂಥನಂ ಬೇಕೆಂದು ನೋಡಿದಾಗ, ಮೆದು ನೀರಿನಲ್ಲಿ ಲೀಟರಿಗೆ 43 ಮೈಕ್ರೋಗ್ರಾಂ ಸಾಕಾಯಿತು. ಗಡಸು ನೀರಿನಲ್ಲಿ 1180 ಮೈಕ್ರೋಗ್ರಾಂ ಬೇಕಾಯಿತು. ದ್ರವ್ಯ ಒಂದೇ, ಪ್ರಾಣಿ ಒಂದೇ. ನೀರು ಬೇರೆಯಾದ ಮಾತ್ರಕ್ಕೆ ಇಪ್ಪತ್ತೇಳು ಮಡಿ ಭೇದ. ಆದುದರಿಂದ ‘ಲ್ಯಾಂಥನಂ ವಿಷ’ವೆಂಬ ವಾಕ್ಯಕ್ಕೆ ನೀರನ್ನು ಹೇಳದೆ ಅರ್ಥವೇ ಇಲ್ಲ. ಅಧಿಕರಣವಿಲ್ಲದ ವಾಕ್ಯ ಅದು.

ಈ ಭೇದಕ್ಕೆ ಕಾರಣವನ್ನು ಅಯಾನುಗಳ ಅಳತೆಯಲ್ಲಿ ಹುಡುಕಬೇಕು. ನೀರು ಗಡಸಾಗುವುದು ಮುಖ್ಯವಾಗಿ ಸುಣ್ಣದ ಅಂಶವಾದ ಕ್ಯಾಲ್ಸಿಯಂನಿಂದ; ಬಯಲುಸೀಮೆಯಲ್ಲಿ ಬೇಳೆ ಬೇಯದ ಬಾವಿನೀರು ಎಲ್ಲರಿಗೂ ಪರಿಚಿತ. ಲ್ಯಾಂಥನಂ ಅಯಾನು ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಬಹುಮಟ್ಟಿಗೆ ಸಮಾನ. ವಿದ್ಯುದಂಶ ಮಾತ್ರ ಎರಡಕ್ಕೆ ಬದಲಾಗಿ ಮೂರು. ಪ್ರಾಣಿಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಒಳಹೋಗುವುದಕ್ಕೆಂದು ಇರುವ ಬಾಗಿಲುಗಳ ಬಳಿ ಲ್ಯಾಂಥನಂ ವೇಷಧಾರಿಯಂತೆ ಬಂದು ನಿಲ್ಲುತ್ತದೆ; ವಿದ್ಯುದಂಶ ಹೆಚ್ಚಾದುದರಿಂದ ಬಿಗಿಯಾಗಿ ಅಂಟುತ್ತದೆ; ತಾನು ಒಳಹೋಗದೆ, ನಿಜವಾದ ಕ್ಯಾಲ್ಸಿಯಂನ್ನೂ ಬಿಡದೆ ದಾರಿ ಕಟ್ಟುತ್ತದೆ. ದೇಹವಿಜ್ಞಾನಿಗಳು 1960ರ ದಶಕದಿಂದ ನರಗಳ ಪರೀಕ್ಷೆಯಲ್ಲಿ ಲ್ಯಾಂಥನಂನ ಈ ಗುಣವನ್ನು ಸಾಧನವಾಗಿಯೇ ಬಳಸಿಕೊಂಡು ಬಂದಿದ್ದರು. ಪ್ರಯೋಗಶಾಲೆಯ ಒಂದು ಕೋಣೆಯಲ್ಲಿ ತಿಳಿದಿದ್ದುದು ನದಿಯನ್ನು ನೋಡುವವರಿಗೆ ತಿಳಿಯಲು ಇಷ್ಟು ಕಾಲ ಹಿಡಿದುದು ಶಾಸ್ತ್ರಗಳು ಬೇರೆ ಬೇರೆ ಅಗ್ರಹಾರಗಳಾದುದರ ಫಲ. ನೀರಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೆ ಬಾಗಿಲಲ್ಲಿ ಅದೂ ಸ್ಪರ್ಧಿಸುತ್ತದೆ. ಮೇಲಾಗಿ ಗಡಸು ನೀರಿನ ಕಾರ್ಬೋನೇಟು ಲ್ಯಾಂಥನಂನ್ನು ಕಟ್ಟಿ ನಿಷ್ಕ್ರಿಯವಾಗಿಸುತ್ತದೆ. ಮೆದು ನೀರಿನ ಪ್ರಾಣಿಗೆ ಈ ಎರಡು ರಕ್ಷೆಗಳೂ ಇಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಲ್ಯಾಂಥನಂ ನೀರಿನಲ್ಲಿರುವ ಫಾಸ್ಫೇಟಿನೊಡನೆ ಕೂಡಿ ಕರಗದ ಗಷ್ಟಾಗಿ ತಳಕ್ಕಿಳಿಯುತ್ತದೆ; ಪರೀಕ್ಷೆಗಳಲ್ಲಿ ಪಾಚಿ ಬೆಳೆಯದೆ ಹೋದುದು ಫಾಸ್ಫೇಟಿನ ಅಭಾವದಿಂದಾದ ಉಪವಾಸವೇ ಹೊರತು ವಿಷದಿಂದಲ್ಲ ಎಂದು ಕೆಲವರು ಹೇಳುವರು. ಪಾಚಿಯ ಮಟ್ಟಿಗೆ ಈ ವಾದ ಬಹುಪಾಲು ಗ್ರಾಹ್ಯವಾಗಿದೆ. ಆದರೆ ಇದನ್ನು ಡ್ಯಾಫ್ನಿಯಕ್ಕೂ ಎಳೆಯುವುದು ಅತಿವ್ಯಾಪ್ತಿ. ಅದು ನೀರಿನೊಳಗಣ ಫಾಸ್ಫೇಟನ್ನು ಉಂಡು ಬದುಕುವ ಪ್ರಾಣಿಯಲ್ಲ; ಎರಡು ದಿನದ ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಯಾವ ಗುಂಪಿಗೂ ಆಹಾರ ಕೊಡುವ ಪದ್ಧತಿಯೂ ಇಲ್ಲ. ಹೀಗಿರಲಾಗಿ ಉಪವಾಸವು ಲ್ಯಾಂಥನಂ ಇದ್ದ ಪಾತ್ರೆಯಲ್ಲಿ ಮಾತ್ರ ಕೊಂದು ಇಲ್ಲದ ಪಾತ್ರೆಯಲ್ಲಿ ಕೊಲ್ಲದೆ ಬಿಟ್ಟಿತೆನ್ನುವುದು ಯುಕ್ತವಲ್ಲ.

ಇದೇ ಫಾಸ್ಫೇಟಿನ ಸಂಬಂಧದಿಂದ ಕಥೆಗೆ ಮತ್ತೊಂದು ತಿರುವು ಬಂದಿತು. ಊರ ಕೊಳಚೆಯಿಂದಲೂ ಹೊಲದ ಗೊಬ್ಬರದಿಂದಲೂ ಫಾಸ್ಫೇಟು ಸೇರಿದ ಕೆರೆಗಳಲ್ಲಿ ಪಾಚಿ ಅತಿಯಾಗಿ ಬೆಳೆದು ನೀರು ಕೊಳೆಯುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯದ ಸರ್ಕಾರಿ ವಿಜ್ಞಾನಸಂಸ್ಥೆಯವರು ಬೆಂಟೊನೈಟ್ ಎಂಬ ಜೇಡಿಯಲ್ಲಿ ನೂರಕ್ಕೆ ಸುಮಾರು ಐದರಷ್ಟು ಲ್ಯಾಂಥನಂ ಸೇರಿಸಿ, ಅದನ್ನು ನೀರಿನ ಮೇಲೆ ಚೆಲ್ಲಿ ಫಾಸ್ಫೇಟನ್ನು ತಳಕ್ಕೆ ಕಟ್ಟಿಹಾಕುವ ಉಪಾಯವನ್ನು ಕಂಡುಹಿಡಿದರು. ಯೂರೋಪಿನ ಹಲವು ಸರೋವರಗಳಲ್ಲಿ ಈ ಚಿಕಿತ್ಸೆ ನಡೆದಿದೆ. ಪಾಚಿ ಇಳಿದು ನೀರು ತಿಳಿಯಾದ ಉದಾಹರಣೆಗಳಿವೆ. ಹೀಗೆ ಒಂದೇ ದೇಶದಲ್ಲಿ, ಒಂದೇ ದಶಕದ ಆಸುಪಾಸಿನಲ್ಲಿ, ಲ್ಯಾಂಥನಂ ನೀರಿಗೆ ಔಷಧವೆಂದೂ ನೀರಿನ ಪ್ರಾಣಿಗೆ ವಿಷವೆಂದೂ ಎರಡು ಸಿದ್ಧಾಂತಗಳು ಹೊರಟುವು. ವಿಷೌಷಧಗಳ ಭೇದ ದ್ರವ್ಯದಲ್ಲಿಲ್ಲ, ಪ್ರಯೋಗದಲ್ಲಿದೆಯೆಂದು ಬಲ್ಲ ಆಯುರ್ವೇದಜ್ಞರಿಗೆ ಇದರಲ್ಲಿ ವಿರೋಧ ತೋರದು. ಜೇಡಿಗೆ ಅಂಟಿರುವ ಲ್ಯಾಂಥನಂ ಬೇರೆ, ಬಿಡಿಯಾಗಿ ತೇಲುವ ಲ್ಯಾಂಥನಂ ಬೇರೆ. ಸುಣ್ಣದಂಶ ತೀರ ಕಡಮೆಯಾದ ಮೆದು ನೀರಿನ ಕೆರೆಗಳಲ್ಲಿ ಮಾತ್ರ ಜೇಡಿಯ ಹಿಡಿತ ಸಡಿಲುವ ಭಯವಿರುವುದರಿಂದ ಅಂಥವುಗಳಲ್ಲಿ ಎಚ್ಚರಿಕೆ ಬೇಕೆಂದು ಬಲ್ಲವರೇ ಹೇಳಿರುವರು. ಸಹ್ಯಾದ್ರಿಯ ಪಶ್ಚಿಮವಾಹಿನಿಗಳೂ ಮೆದು ನೀರಿನವೇ ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗದು.

ವರ್ಮ್ಸ್ ಕಾಲುವೆಗೆ ಹಿಂದಿರುಗುವುದಾದರೆ, ಲೀಟರಿಗೆ 49 ಮಿಲಿಗ್ರಾಂ ಎಂದರೆ 49,000 ಮೈಕ್ರೋಗ್ರಾಂ. ಮೆದು ನೀರಿನ ಡ್ಯಾಫ್ನಿಯವನ್ನು ಕೆಡಹುವ ಪ್ರಮಾಣಕ್ಕೆ ಇದು ಸಾವಿರ ಮಡಿಗೂ ಹೆಚ್ಚು. ಗಡಸು ನೀರಿನ ಪ್ರಮಾಣಕ್ಕೂ ನಲವತ್ತು ಮಡಿ. ಆ ನದಿಯ ಕೆಳಭಾಗದಲ್ಲಿರುವ ನೆದರ್ಲೆಂಡ್ಸಿನ ತಜ್ಞರು 2000ದಲ್ಲಿಯೇ ಸಿಹಿನೀರಿನಲ್ಲಿ ಲ್ಯಾಂಥನಂ ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಮೀರಬಾರದೆಂದು ಎಣಿಕೆ ಮಾಡಿದ್ದರು. ರೈನ್ ಮಹಾನದಿ, ಕಾಲುವೆಯ ನೀರು ಅದರಲ್ಲಿ ಬೆರೆತ ಮೇಲೆ ಲ್ಯಾಂಥನಂ ಈ ಮಿತಿಗಿಂತ ಬಹಳ ಕೆಳಗೆ ಇಳಿಯುತ್ತದೆ. ಆಲ್ಪ್ಸ್ ಪರ್ವತದ ಸುಣ್ಣಕಲ್ಲನ್ನು ತೊಳೆದು ಬರುವುದರಿಂದ ಆ ನೀರು ಸಾಕಷ್ಟು ಗಡಸೂ ಹೌದು. ಆದಕಾರಣ ನದಿಯುದ್ದಕ್ಕೂ ಮೀನು ಸತ್ತುವೆಂದು ಬರೆಯುವುದು ಅನೃತವಾಗುತ್ತದೆ. ಯಾರೂ ಹಾಗೆ ಬರೆದಿಲ್ಲ. ಆದರೆ ಬೆರೆಯುವುದಕ್ಕೆ ಮುನ್ನ ಕಾಲುವೆಯ ಬಾಯಲ್ಲಿ ವಾಸಿಸುವ ಹುಳುಹುಪ್ಪಟೆಗಳಿಗೆ ನದಿಯ ಸರಾಸರಿಯಿಂದ ಸಮಾಧಾನವಾಗದು. ಒಂದುವೇಳೆ ಇಂಥ ಕಾಲುವೆ ಗಡಸಾದ ಮಹಾನದಿಗೆ ಬೀಳದೆ, ಇಟ್ಟರ್ಬಿಯ ದೇಶದಲ್ಲಿರುವಂತೆ ಕಗ್ಗಲ್ಲಿನ ಮೇಲೆ ಹರಿಯುವ ಮೆದು ನೀರಿನ ಹಳ್ಳಕ್ಕೆ ಬಿದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಕಡೆಯದಾಗಿ, ಈ ಧಾತುಗಳಿಂದ ಜೀವಿಗಳಿಗೆ ಯಾವ ಪ್ರಯೋಜನವೂ ಇಲ್ಲವೆಂದು ಎರಡು ಶತಮಾನ ನಡೆದುಬಂದ ಅಭಿಪ್ರಾಯವೂ 2014ರಲ್ಲಿ ಮುರಿಯಿತು. ಇಟಲಿಯ ನೇಪಲ್ಸ್ ಸಮೀಪದ ಸೋಲ್ಫತಾರ ಎಂಬ ಜ್ವಾಲಾಮುಖಿಯ ಕುದಿಯುವ ಕೆಸರುಗುಂಡಿಗಳಲ್ಲಿ ಮೀಥೇನ್ ಅನಿಲವನ್ನು ಉಂಡು ಬದುಕುವ ಒಂದು ಸೂಕ್ಷ್ಮಜೀವಿಯಿದೆ. ಪ್ರಯೋಗಶಾಲೆಯಲ್ಲಿ ಅದನ್ನು ಬೆಳಸಬೇಕಾದರೆ ಆ ಗುಂಡಿಯ ನೀರನ್ನೇ ಸ್ವಲ್ಪ ಬೆರಸಬೇಕಾಗಿತ್ತು. ಆ ನೀರಿನಲ್ಲಿ ಏನಿದೆಯೆಂದು ಶೋಧಿಸಿದಾಗ ಅದಕ್ಕೆ ಬೇಕಾಗಿದ್ದುದು ಲ್ಯಾಂಥನಂ, ಸೀರಿಯಂ ಮೊದಲಾದ ಈ ವಿರಳಭಸ್ಮಗಳೆಂದು ತಿಳಿಯಿತು. ಅವಿಲ್ಲದೆ ಆ ಜೀವಿಯ ಮುಖ್ಯ ಕಿಣ್ವ ಕೆಲಸ ಮಾಡದು. ಅದೇ ಜಾತಿಯ ಕಿಣ್ವವನ್ನು ರಚಿಸುವ ಬೀಜಾಂಶವು ಕುದಿಯುವ ಕೆಸರಿನಲ್ಲಿ ಮಾತ್ರವಲ್ಲದೆ ಸಾಧಾರಣವಾದ ಮಣ್ಣು, ಕೆರೆ, ಕಡಲುಗಳ ಸೂಕ್ಷ್ಮಜೀವಿಗಳಲ್ಲಿಯೂ ಕಂಡುಬರುತ್ತಿದೆ. ಹಾಗಾದರೆ ನದಿಯ ಜೀವಿಗಳು ಅನಾದಿಯಿಂದ ಎಷ್ಟು ಲ್ಯಾಂಥನಂಗೆ ಒಗ್ಗಿಕೊಂಡಿದ್ದುವು, ಎಷ್ಟಾದರೆ ಅನ್ನ, ಎಷ್ಟಾದರೆ ವಿಷ ಎಂಬ ವಿಚಾರವನ್ನು ಮೊದಲಿನಿಂದ ನಡಸಬೇಕಾಗಿದೆ. ಅದಕ್ಕೆ ನದಿಯ ಮೂಲಪಾಠ ಬೇಕು. ರೈನ್ ನದಿಯನ್ನು ಕುರಿತ 2013ರ ಲೇಖನದ ಶೀರ್ಷಿಕೆಯಲ್ಲಿಯೇ ಆ ಸಹಜಕ್ರಮದ ಅಳಿವು ಸಮೀಪಿಸಿದೆಯೆಂಬ ಮಾತಿದೆ: ಆ ನದಿಯಲ್ಲಿ ಪ್ರತಿಯನ್ನು ಕೈಗೆತ್ತಿಕೊಳ್ಳುವ ವೇಳೆಗೆ ಲ್ಯಾಂಥನಂ, ಸಮೇರಿಯಂ, ಗ್ಯಾಡೊಲಿನಿಯಂ ಎಂಬ ಮೂರು ಅಕ್ಷರಗಳು ಆಗಲೇ ತಿದ್ದಲ್ಪಟ್ಟಿದ್ದುವು.